ಪ್ರಚಾರಕರ ತೋಳು

ಎಲ್ಲಕ್ಕೂ ಮೂಲ ದರ್ಜಿ ಕೇಳಿದ ಒಂದು ಪ್ರಶ್ನೆ.

"ನಮ್ಮ ಬಡಾವಣೆಯ ಆಸ್ಪತ್ರೆಗೇ ಬನ್ನಿ" ಎಂದು ಮನೆಮನೆಗೆ ಹೋಗಿ ಹೇಳುವುದು ಪ್ರಚಾರಕರ ಕೆಲಸ. ತಿಂಗಳುಗಟ್ಟಲೆ ಗಂಟಲು ಹರಿದುಕೊಂಡರೂ ಅಲ್ಲಿಗೆ ತಪ್ಪದೆ ಬರುತ್ತಿದ್ದದ್ದು ನೆರಳು ಹುಡುಕುವ ಒಂದು ಬೆಕ್ಕು ಮಾತ್ರ. ಇವತ್ತು ಮಧ್ಯಾಹ್ನ ಮೇಲಧಿಕಾರಿ ತಪಾಸಣೆಗೆ ಬರುವವರಿದ್ದರು. ಬೆಂಚು ಖಾಲಿ ಕಂಡರೆ ಪ್ರಚಾರಕರ ಕೆಲಸ ಹೋದಂತೆಯೇ ಎಂದು ನರ್ಸಮ್ಮ ಬೆಳಿಗ್ಗೆಯೇ ಎಚ್ಚರಿಸಿದ್ದರು.

"ಊರಿಗೆಲ್ಲ ಹೇಳ್ತೀರಲ್ಲ ಸಾರ್, ನೀವು ಯಾವತ್ತಾದ್ರೂ ಅಲ್ಲಿ ಇಂಜೆಕ್ಷನ್ ತಗೊಂಡಿದ್ದೀರಾ?" ದರ್ಜಿ ಹಲ್ಲಿನಲ್ಲಿ ದಾರ ಕತ್ತರಿಸುತ್ತ ಕೇಳಿದ.

ಸೂಜಿ ಎಂದರೆ ಪ್ರಚಾರಕರಿಗೆ ಜೀವ ಬಾಯಿಗೆ ಬರುತ್ತಿತ್ತು. ದರ್ಜಿಯ ಕೈಯಲ್ಲಿದ್ದ ಸೂಜಿಯನ್ನೂ ಅವರು ಓರೆಗಣ್ಣಿನಲ್ಲೇ ನೋಡುತ್ತಿದ್ದರು. ಆದರೆ ಅಂಗಡಿಯ ಮುಂದೆ ಆಗಲೇ ನಾಲ್ಕು ಜನ ಸೇರಿದ್ದರು. ಮರ್ಯಾದೆ ಪ್ರಶ್ನೆ.

"ಈಗಲೇ ತಗೋತೀನಿ, ಬಂದು ನೋಡಿ," ಎಂದುಬಿಟ್ಟರು.

ಆಸ್ಪತ್ರೆಯಲ್ಲಿ ಡಾಕ್ಟರು ಟಿಟಿ ಇಂಜೆಕ್ಷನ್ ಬರೆದರು. ನರ್ಸಮ್ಮ ತೋಳಿಗೆ ಸ್ಪಿರಿಟ್ ಹತ್ತಿ ಸವರಿದ್ದೇ ತಡ, ಪ್ರಚಾರಕರು ಹಗ್ಗದಿಂದ ಜಾರಿದ ಒದ್ದೆ ಪಂಚೆಯಂತೆ ನೆಲಕ್ಕಿಳಿದರು.

"ಇನ್ನೂ ಚುಚ್ಚೇ ಇಲ್ವಲ್ಲ," ಎಂದರು ನರ್ಸಮ್ಮ.

ದರ್ಜಿ ಓಡಿಹೋಗಿ ಸುದ್ದಿ ಹಬ್ಬಿಸಿದ. ರೋಗಿಯಾಗಿ ಬರಲು ಒಲ್ಲದ ಬಡಾವಣೆ, ರೋಗಿಯನ್ನು ನೋಡಲು ಹಿಂಡುಹಿಂಡಾಗಿ ಬಂತು. "ಮಾತೇ ನಿಂತ್‌ಹೋಗಿದ್ಯಂತೆ," ಎಂದು ಪಕ್ಕದ ಮನೆಯ ಅಜ್ಜಿ ಲೊಚಗುಟ್ಟಿದರು. "ಒಳ್ಳೇದೇ ಆಯ್ತು ಬಿಡಿ," ಎಂದರು ಅವರ ಸೊಸೆ.

ಬಂದವರು ಸುಮ್ಮನೆ ಕೂರುವವರೇ? ಹೇಗೂ ಕಾಯುತ್ತಿದ್ದೇವಲ್ಲ ಎಂದು ಒಬ್ಬರು ಬಿಪಿ ನೋಡಿಸಿಕೊಂಡರು. ಇನ್ನೊಬ್ಬರು ಕೆಮ್ಮಿ ತೋರಿಸಿದರು. ಅಜ್ಜಿಯಂತೂ ತಮ್ಮ ಹಳೇ ಮಂಡಿನೋವಿನ ಚರಿತ್ರೆಯನ್ನೆಲ್ಲ ಡಾಕ್ಟರಿಗೆ ಒಪ್ಪಿಸಿ, "ಪರವಾಗಿಲ್ಲ ಕಣ್ರೇ, ಈ ಡಾಕ್ಟ್ರು ಮುಟ್ಟಿ ನೋಡ್ತಾರೆ," ಎಂದು ಸರ್ಟಿಫಿಕೇಟು ಕೊಟ್ಟರು. ಸಾಲು ಅಂಗಳ ದಾಟಿತು. ಬೆಕ್ಕು ಜಾಗ ಸಾಲದೆ ಎದ್ದು ಹೋಯಿತು.

ಪ್ರಚಾರಕರು ಕಣ್ಣು ಬಿಟ್ಟಾಗ ಬಾಗಿಲಲ್ಲಿ ಮೇಲಧಿಕಾರಿ ನಿಂತು ಆ ಸಾಲನ್ನೇ ನೋಡುತ್ತಿದ್ದರು. ಪ್ರಚಾರಕರಿಗೆ ಮಲಗಿದ್ದಲ್ಲೇ ಕಣ್ಣು ತುಂಬಿ ಬಂತು. ಅಂತೂ ಕೆಲಸ ಉಳಿಯಿತು.

"ಡಾಕ್ಟ್ರೇ, ಜನ ತಾವಾಗೇ ಇಷ್ಟೊಂದು ಬರ್ತಿದ್ದಾರಲ್ಲ," ಎಂದರು ಮೇಲಧಿಕಾರಿ. "ಮತ್ತೆ ಪ್ರಚಾರಕರು ಯಾಕೆ? ಆ ಹುದ್ದೇನ ಇವತ್ತೇ ತೆಗೆದುಬಿಡೋಣ."

ಪ್ರಚಾರಕರು ತಡಬಡಿಸಿ ಏಳಲು ಹೋದರು. ಮೇಲಧಿಕಾರಿ ಅವರ ಹೆಗಲು ಒತ್ತಿ ಮತ್ತೆ ಮಲಗಿಸಿದರು.

"ಪಾಪ, ಈ ರೋಗಿಗೆ ಇನ್ನೂ ಇಂಜೆಕ್ಷನ್ ಕೊಟ್ಟಿಲ್ವೇನಮ್ಮಾ?"

ನರ್ಸಮ್ಮ ಸೂಜಿ ಹಿಡಿದು ಬಂದರು. ದರ್ಜಿ ಚೆನ್ನಾಗಿ ಕಾಣಲೆಂದು ಬೆಂಚು ಹತ್ತಿ ನಿಂತ.