ಗುಲಾಬಿ ಬಾಟಲಿಯ ಬಿಯರು ಮತ್ತು ಕಾಳಿಯವ್ವನ ಅಜ್ಜಂದಿರು

ಬೆಂಗಳೂರಿನ ಬಿಯರು ಕಂಪನಿಯ ಮಹಿಳಾ ಮಾರಾಟ ವಿಭಾಗದ ಮುಖ್ಯಸ್ಥರ ದಿವ್ಯ ಸನ್ನಿಧಾನಕ್ಕೆ, ವಯನಾಡಿನ ನೂಲ್ಪುಳದ ನನ್ನ ಶುಂಠಿ ಗದ್ದೆಯ ಬದುವಿನ ಮೇಲೆ ನಿಂತು, ಎದೆಯುಬ್ಬಿಸಿ, ಕಟ್ಟಕಡೆಯ ಸಾಲಿನ ಪ್ರೇಕ್ಷಕನಿಗೂ ಕೇಳಿಸುವಂತೆ ಮಾಡುವ ನಮಸ್ಕಾರಗಳು.

ಮಾನ್ಯರೇ,

ಹೆಂಗಸರು ಬಿಯರು ಕುಡಿಯದಿರುವುದು ಅದು ಕಹಿಯೆಂದಲ್ಲ, ಬಾಟಲಿಗೆ ಗುಲಾಬಿ ಬಣ್ಣವಿಲ್ಲವೆಂದು ಎಂಬ ಮಹಾಸತ್ಯವನ್ನು ಕಂಡುಹಿಡಿದ ತಮ್ಮ ಬುದ್ಧಿಗೆ ಮೊದಲು ಬಹುಪರಾಕು. ಆ ಸತ್ಯವನ್ನು ಹೇರಿಕೊಂಡು ತಮ್ಮ ಜೀಪು ಕಳೆದ ತಿಂಗಳು ನಮ್ಮ ಕಾಡಂಚಿನಲ್ಲಿ ರಂಗಪ್ರವೇಶ ಮಾಡಿದಾಗ ಇಲ್ಲಿ ನಡೆಯುತ್ತಿದ್ದುದು ಬೇರೆಯೇ ನಾಟಕ. ಹಿರಿಯರ ಭೂಮಿ ಮರಳಿ ಬೇಕೆಂದು ಆದಿವಾಸಿ ಹಾಡಿಯ ಹೆಂಗಸರು ಸರ್ಕಾರಿ ನೀಲಗಿರಿ ತೋಪಿನ ನಡುವೆ ಗುಡಿಸಲು ಹಾಕಿ ಕೂತಿದ್ದರು. ನಕ್ಸಲರು ಸೇರಿಕೊಂಡಿದ್ದಾರೆಂಬ ಗುಮಾನಿಯಲ್ಲಿ ಪೊಲೀಸರು ಅಕ್ಕಿಯ ಗಂಟನ್ನೂ ಬಿಚ್ಚಿಸುತ್ತಿದ್ದರು. ಜೀಪಿನಲ್ಲಿದ್ದ ತಮ್ಮ ಬಿಯರು ಪೆಟ್ಟಿಗೆಗಳನ್ನೂ ಬಿಚ್ಚಿಸಿ, ಒಳಗೆ ಬಾಂಬಿಲ್ಲವೆಂದು ಬೇಸರಪಟ್ಟು ಬಿಟ್ಟರು. ಟೈ ಕಟ್ಟಿದ್ದ ತಮ್ಮ ಪ್ರತಿನಿಧಿಯೋ, ಅಷ್ಟು ಹೆಂಗಸರು ಒಂದೆಡೆ ಕೂತದ್ದನ್ನು ಕಂಡು ಮಹಿಳಾ ಸಂಘದ ವನಭೋಜನವೆಂದೇ ತಿಳಿದರು.

"ಚೇಚಿ, ಇದು ನಿಮಗೇ ಅಂತ ಮಾಡಿದ್ದು, ಹೂವಿನ ಘಮ ಇದೆ" ಎಂದು ಆತ ಅಕ್ಕನೆಂದು ಕರೆದು ಬಿನ್ನವಿಸಿಕೊಂಡಾಗ, ಹೋರಾಟದ ಮುಂದಾಳು ಕಾಳಿಯವ್ವ ಬಾಟಲಿ ಮೂಸಿ, ಮಗನೆಂದೇ ಕರೆದು, "ಮೋನೆ, ಹೂವು ಬೇಕಾದ್ರೆ ನಾವು ಮುಡ್ಕೋತೀವಿ. ಅಜ್ಜಂದಿರು ಕುಡೀದೆ ನಾವು ಇದನ್ನ ಮುಟ್ಟಲ್ಲ" ಎಂದರು. ತಮ್ಮವರು ಹಿಗ್ಗಿ, "ಅಜ್ಜಂದಿರನ್ನೂ ಕರೆಸಿ, ಅವರಿಗೂ ಉಚಿತ" ಎಂದರು. ಕರೆಸುವ ಅಗತ್ಯವಿರಲಿಲ್ಲ. ಸತ್ತ ಹಿರಿಯರಿಗೆ ಕಲ್ಲು ನೆಟ್ಟು, ಯಾವ ಮದ್ಯವೇ ಬರಲಿ ಮೊದಲು ಅವರಿಗೆರೆಯುವುದು ಹಾಡಿಯ ಪದ್ಧತಿ. ತೋಪಿನ ನಡುವಿನ ಮುದಿ ಹಲಸಿನ ಬುಡದಲ್ಲಿ ಅಜ್ಜಂದಿರು ಸಾಲಾಗಿ ಕೂತೇ ಇದ್ದರು. ಅವರು ಬಹಳ ಮಂದಿ, ಬಾಯಾರಿಕೆ ತಲೆಮಾರುಗಳದು. ಎಲ್ಲ ಬಾಟಲಿಗಳೂ ಅಲ್ಲೇ ಬರಿದಾದವು. ಕಾಳಿಯವ್ವನ ಸೊಸೆ ಚಾತಿ ಬಾಟಲಿಯ ಬಾಯಿಗಂಟಿದ ಹನಿಯನ್ನು ನಾಲಿಗೆಗೆ ಮುಟ್ಟಿಸಿ, ಮುಖ ಸಿಂಡರಿಸಿ, "ಅಜ್ಜಂಗೇ ಇರಲಿ ಬಿಡಿ" ಎಂದದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ.

ಇದನ್ನು ಗ್ರಾಹಕರ ಹರ್ಷೋಲ್ಲಾಸವೆಂದು ಬಗೆದ ಪ್ರತಿನಿಧಿ ಫೋಟೋ ತೆಗೆದರು. ತಾವು ಅದನ್ನು ಸುಲ್ತಾನ್ ಬತ್ತೇರಿಯ ಬಸ್ ನಿಲ್ದಾಣದೆದುರು ಮಾಳಿಗೆಯೆತ್ತರದ ಬೋರ್ಡು ಮಾಡಿ, "ವಯನಾಡಿನ ವನಿತೆಯರ ಮೊದಲ ಆಯ್ಕೆ" ಎಂದು ಬರೆಸಿದಿರಿ. ಮರ, ಕಲ್ಲುಗಳ ಸಾಲು, ಬಾಟಲಿ ಬಗ್ಗಿಸಿ ನಗುವ ಕಾಳಿಯವ್ವ, ಎಲ್ಲವೂ ಆನೆಗಾತ್ರದಲ್ಲಿ ಮೆರೆದವು. ಅತ್ತ ತೋಪಿನ ಜಾಗ ನೋಡಲು ಬಂದ ಸರ್ಕಾರಿ ಸಾಹೇಬರೊಬ್ಬರು ಇಲ್ಲಿ ಎಂದೂ ಯಾರೂ ಬಾಳಿಲ್ಲ, ಒಂದು ಕಲ್ಲೂ ಇಲ್ಲ ಎಂದು ಬರೆದುಕೊಟ್ಟರು. ಅವರ ಮಾತಿಗೆ ಮರ್ಯಾದೆ ಕೊಟ್ಟೋ ಏನೋ, ಕಲ್ಲುಗಳು ಮರುವಾರವೇ ಮಾಯವಾದವು.

ಹೀಗೆ ಹಿರಿಯರ ಕಲ್ಲುಗಳು ಅಲ್ಲಿದ್ದವೆಂದು ಹೇಳಲು ತಮ್ಮ ಜಾಹೀರಾತೊಂದೇ ಹಾಡಿಯ ಪಾಲಿನ ಸತ್ಯಹರಿಶ್ಚಂದ್ರನಾಗಿ ಉಳಿದಿರುವಾಗ, ಒಬ್ಬ ಹೆಂಗಸೂ ಕೊಳ್ಳಲಿಲ್ಲವೆಂದು ಮುನಿದು ತಾವು ಅದನ್ನು ಇಳಿಸಹೊರಟಿದ್ದೀರೆಂದು ತಿಳಿದು ಎದೆಯೊಡೆಯಿತು. ಸೋಮವಾರ ಕಲೆಕ್ಟರು ಆ ಜಾಗದ ವಿಚಾರಣೆ ನಡೆಸುತ್ತಾರೆ. ಅಲ್ಲಿ ಸೋತರೆ ಗುಡಿಸಲುಗಳು ನೆಲಕ್ಕುರುಳುತ್ತವೆ. ಆದುದರಿಂದ ತಾವು ಬೋರ್ಡನ್ನು ಇದ್ದಂತೆಯೇ ಲಾರಿಗೇರಿಸಿ, ಕಹಳೆ ಊದಿಸಿ, ಕಲೆಕ್ಟರ ಕಚೇರಿಯ ಅಂಗಳದಲ್ಲಿ ನಿಲ್ಲಿಸಬೇಕು. ಟೈಯವರು ಸಾಕ್ಷಿ ನುಡಿಯಬೇಕು. ಮುಂದೆ ಹೆಂಗಸರ ಹಂಬಲ ಬಿಟ್ಟು ಸತ್ತವರಿಗಾಗಿಯೇ ಬಿಯರು ತಯಾರಿಸಬೇಕು. ರುಚಿಯ ಬಗ್ಗೆ ಅವರಿಂದ ಈವರೆಗೆ ಒಂದು ದೂರೂ ಬಂದಿಲ್ಲ.

ತಮ್ಮ ಬಾಟಲಿ ಮುಟ್ಟದೆ ಬೋರ್ಡಿಗಷ್ಟೇ ಕೈಮುಗಿಯುವ ವಿಶ್ವಾಸಿ,
ವೃಷಭರಾಜ

ತಾ.ಕ.: ಬೋರ್ಡು ಇಳಿಸಲು ಇಂದು ಬೆಳಿಗ್ಗೆ ಬಂದ ತಮ್ಮ ಆಳುಗಳು ಸುಖವಾಗಿದ್ದಾರೆ. ಅವರ ಏಣಿಯ ಕೆಳಮೆಟ್ಟಿಲಲ್ಲಿ ಕಾಳಿಯವ್ವ ಕೂತಿದ್ದಾರೆ, ಸುತ್ತ ಇಡೀ ಹಾಡಿ ಕೂತಿದೆ. ವಯನಾಡಿನ ವನಿತೆಯರು ಇಷ್ಟು ಸಂಖ್ಯೆಯಲ್ಲಿ ತಮ್ಮ ಜಾಹೀರಾತಿಗೆ ಓಗೊಟ್ಟದ್ದು ಇದೇ ಮೊದಲು. ಸೋಮವಾರದವರೆಗೆ ಏಳುವುದಿಲ್ಲವಂತೆ, ಕಂಪನಿಗೆ ಅಷ್ಟೊಂದು ಅಕ್ಕರೆಯಿದ್ದರೆ ಹಾಲಿಲ್ಲದ ಕಟ್ಟನ್ ಚಾಯ ಕಳಿಸಲಿ ಎಂದಿದ್ದಾರೆ.