ಮಾವನ ಎದೆಯ ಸ್ಟಾರ್ಟರ್

ನಮ್ಮ ಸೋದರಮಾವನಿಗೆ ಯಮನೆಂದರೆ ಭಯವಿಲ್ಲ, ಮಿಕ್ಸಿ ಎಂದರೆ ಭಯ. ನಂಬುವುದಿಲ್ಲವೇ? ಹಾಗಾದರೆ ಒಂದು ಬೆಳಿಗ್ಗೆ ಶಿರಾದ ಅವರ ಮನೆಗೆ ಬನ್ನಿ. ಅತ್ತೆ ಕಾಯಿ ತುರಿದು ಮಿಕ್ಸಿ ಹತ್ತಿರ ಹೋದರೆ ಸಾಕು, ಮಾವ ಚಪ್ಪಲಿಯನ್ನೂ ಮೆಟ್ಟದೆ ಬೀದಿಗೆ ಹೋಗಿ ನಿಂತುಬಿಡುತ್ತಾರೆ. ಸದ್ದು ನಿಂತ ಮೇಲೆ ಕಿಟಕಿಯಿಂದ ಇಣುಕಿ, ಪ್ಲಗ್ ಕಿತ್ತಿದೆ ಎಂದು ಖಾತ್ರಿ ಮಾಡಿಕೊಂಡು ಒಳಗೆ ಬರುತ್ತಾರೆ. ಇಷ್ಟು ಜಾಗ್ರತೆಯ ಮನುಷ್ಯ ಊಟಕ್ಕೆ ಕೂತೊಡನೆ ಕೇಳುವುದು ಏನನ್ನು ಗೊತ್ತೇ? ಉಪ್ಪಿನಕಾಯಿ! ಡಾಕ್ಟರು ಬೇಡವೆಂದದ್ದು ಉಪ್ಪಿನಕಾಯಿಯನ್ನು. ಮಿಕ್ಸಿಯ ವಿಷಯ ಅವರು ಎತ್ತಿಯೇ ಇರಲಿಲ್ಲ.

ತಮಾಷೆ ಏನೆಂದರೆ, ಇವರು ಬದುಕಿಡೀ ಕರೆಂಟಿನ ಜೊತೆಯೇ ಸಂಸಾರ ಮಾಡಿದವರು. ಬೋರ್‌ವೆಲ್ ಮೋಟಾರು ಸುಟ್ಟರೆ ಮದಲೂರಿನಿಂದ ಬುಕ್ಕಾಪಟ್ಟಣದವರೆಗೆ ಎಲ್ಲರೂ ಹೊತ್ತು ತರುತ್ತಿದ್ದುದು ಇವರ ವೈಂಡಿಂಗ್ ಅಂಗಡಿಗೇ. ಟೆಸ್ಟರ್ ಕೈಗೆ ಸಿಗದಿದ್ದರೆ ವೈರಿಗೆ ಬೆರಳ ಹಿಂಭಾಗ ತಾಗಿಸಿ, "ಬತ್ತಾ ಐತೆ" ಅನ್ನುತ್ತಿದ್ದ ಧೀರ. ಆಗೆಲ್ಲ ಅತ್ತೆ ಹೆದರುತ್ತಿದ್ದರು, ಇವರು ನಗುತ್ತಿದ್ದರು.

ಎರಡು ವರ್ಷದ ಹಿಂದೆ ಮಾವನಿಗೆ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬರತೊಡಗಿತು. ಸಂಜೆಯಾದರೆ ಕಾಲು ಊದುತ್ತಿತ್ತು. ಆಮೇಲೊಂದು ದಿನ ಅಂಗಡಿಯಲ್ಲೇ ತಲೆ ಸುತ್ತಿ ಬಿದ್ದರು. ತುಮಕೂರಿಗೆ ಕರೆದೊಯ್ದೆವು. ಹೃದಯ ಸೋತಿದೆ, ಬಡಿತವೂ ತೀರಾ ನಿಧಾನ, ಪೇಸ್‌ಮೇಕರ್ ಹಾಕಲೇಬೇಕು ಅಂದರು ಡಾಕ್ಟರು. ಅತ್ತೆ ಸೆರಗು ಬಾಯಿಗಿಟ್ಟುಕೊಂಡು ಕೂತರು. ರೋಗಿ ಮಾತ್ರ ಮಂಚದ ಮೇಲೆ ಎದ್ದು ಕೂತು ನಮಗೇ ಸಮಾಧಾನ ಹೇಳಿದರು.

"ಮೋಟ್ರು ಸುಟ್ಟಿಲ್ಲ ಕಣಮ್ಮ. ನೀರು ಎತ್ತೋ ತಾಕತ್ತು ಕಮ್ಮಿಯಾಗೈತೆ, ಅಷ್ಟೆ. ಒಂದು ಆಟೋ ಸ್ಟಾರ್ಟರ್ ಕೂರಿಸ್ತಾರೆ."

ಡಾಕ್ಟರು ನಕ್ಕರು. ನನಗೆ ನಗು ಬರಲಿಲ್ಲ. ಅಪ್ಪ ಹೋದಮೇಲೆ ನನ್ನನ್ನು ಓದಿಸಿ, ಟೀಚರ್ ಕೆಲಸ ಸಿಗುವತನಕ ಬೆನ್ನಿಗೆ ನಿಂತವರು ಈ ಮಾವ. ಅವರಿಗೇನಾದರೂ ಆದರೆ ಎಂಬ ಯೋಚನೆ ಅಂದು ನನ್ನ ಹೊಟ್ಟೆಯಲ್ಲಿ ಕೂತದ್ದು ಇನ್ನೂ ಎದ್ದುಹೋಗಿಲ್ಲ.

ಸರಿ, ಸ್ಟಾರ್ಟರ್ ಕೂರಿಸಿದರು. ಗಾಯ ಮಾಯುವವರೆಗೆ ಎಡಗೈಯನ್ನು ಭುಜಕ್ಕಿಂತ ಮೇಲೆ ಎತ್ತಬೇಡಿ ಅಂದರು. ಗಾಯ ಮಾಯ್ದು, ಕಲೆಯೂ ಮಸುಕಾಗಿ, ಯುಗಾದಿ ಬಂದು ಹೋದರೂ ಮಾವನ ಎಡಗೈ ಮೇಲೇಳಲಿಲ್ಲ. ವೈರು ಕಿತ್ತುಬರುತ್ತದಂತೆ! ಎದುರು ಸಿಕ್ಕವರಿಗೆಲ್ಲ ಹೊಟ್ಟೆಯ ಮಟ್ಟದಲ್ಲೇ ನಮಸ್ಕಾರ. ಅಂಗಿ ತೊಡಿಸಲು ಅತ್ತೆ, ಬಿಚ್ಚಲು ಅತ್ತೆ. ಕೊನೆಗೆ ಭುಜವೇ ಬಿಗಿದುಕೊಂಡಿತು. ಡಾಕ್ಟರು ತಾವೇ ಕೈ ಹಿಡಿದು ಮೆಲ್ಲಗೆ ಮೇಲೆತ್ತಿದರು. ಮಾವ ಕಣ್ಣು ಮುಚ್ಚಿ, ತಲೆ ಬಗ್ಗಿಸಿ, ಎದೆಯ ಕಡೆಗೆ ಕಿವಿ ಕೊಟ್ಟರು. ಸ್ವಲ್ಪ ಹೊತ್ತಿನ ಮೇಲೆ, "ಓಡ್ತಾ ಐತೆ" ಅಂದರು. ಆ ಸ್ವಲ್ಪ ಹೊತ್ತು ನಾನೂ ಉಸಿರು ಬಿಗಿಹಿಡಿದಿದ್ದೆ ಅಂತ ಹೇಳಿದರೆ ನಗಬೇಡಿ.

ಆಮೇಲೆ ತೂಕದ ಪ್ರಕರಣ. ದಿನಾ ಬೆಳಿಗ್ಗೆ ತೂಕ ನೋಡಿಕೊಳ್ಳಬೇಕು. ಇದ್ದಕ್ಕಿದ್ದಂತೆ ಏರಿದರೆ ಮೈಯಲ್ಲಿ ನೀರು ನಿಲ್ಲುತ್ತಿದೆ ಎಂದರ್ಥ, ತಡಮಾಡದೆ ಫೋನ್ ಮಾಡಿ ಅಂದಿದ್ದರು. ನಾನು ತೂಕದ ಯಂತ್ರ ತಂದುಕೊಟ್ಟೆ. ಅದರ ಹೊಟ್ಟೆಯಲ್ಲಿ ಬ್ಯಾಟರಿ ಇದೆ ಎಂದು ಗೊತ್ತಾದದ್ದೇ ತಡ, ಯಂತ್ರ ಅಟ್ಟ ಸೇರಿತು. ಬ್ಯಾಟರಿ ಮೇಲೆ ಬ್ಯಾಟರಿ ನಿಂತರೆ ಒಂದಕ್ಕೊಂದು ಜಗಳ ಆಡುತ್ತವಂತೆ. ಹಾಗಾದರೆ ತೂಕ ಎಲ್ಲಿ? ಪೇಟೆಯ ಕಡಲೆಕಾಯಿ ಮಂಡಿಯಲ್ಲಿ! ಅಲ್ಲಿ ಹಳೆಯ ಕಾಲದ ಕಬ್ಬಿಣದ ತಕ್ಕಡಿ ಇದೆ. ಮೂಟೆಗಳಿಗಿಂತ ಮೊದಲು ಮಾವ ಹತ್ತಿ ನಿಲ್ಲುತ್ತಿದ್ದರು. ಮಂಡಿಯ ಭಾಯ್ ಇವರ ಹಳೇ ಗೆಳೆಯರು. ಅವರು ತೂಕದ ಕಲ್ಲು ಹಾಕಿ ತೂಗಿ, ಮಾಲಿನ ತೂಕ ಕೂಗಿದಂತೆಯೇ ಮಾವನದನ್ನೂ ಗಟ್ಟಿಯಾಗಿ ಕೂಗುತ್ತಿದ್ದರು. ಹಮಾಲರು, ದಲ್ಲಾಳಿಗಳು, ಚಹಾದಂಗಡಿಯವರು, ಎಲ್ಲರಿಗೂ ನಮ್ಮ ಮಾವನ ತೂಕ ಬಾಯಿಪಾಠ. ಶಾಲೆಗೆ ಹೊರಟ ನನ್ನನ್ನು ತಡೆದು, ಮಾವನ ತೂಕ ನೆಟ್ಟಗಿದೆ, ನೀವು ಆರಾಮಾಗಿ ಪಾಠ ಮಾಡಿ ಅನ್ನುತ್ತಿದ್ದರು.

ನಾಚಿಕೆಯಿಂದ ಸಾಯುವಂತಾಗುತ್ತಿತ್ತು. ಆದರೆ ಒಂದು ದಿನ ಭಾಯ್ ತೂಕವನ್ನು ಕೂಗಲಿಲ್ಲ. ಮಾವನನ್ನು ಪಕ್ಕಕ್ಕೆ ಕೂರಿಸಿ, ನನಗೆ ಫೋನ್ ಮಾಡಿದರು.

"ಟೀಚರಮ್ಮ, ಮಾಲು ಒದ್ದೆ ಆಗೈತೆ. ಮೊನ್ನೆಗಿಂತ ಎರಡು ಕೇಜಿ ಜಾಸ್ತಿ ತೂಗ್ತೈತೆ. ಜಲ್ದಿ ಬನ್ನಿ."

ಓಡಿದೆ. ನೆಂಟರ ಮದುವೆಯಲ್ಲಿ ಉಪ್ಪಿನಕಾಯಿ, ಹಪ್ಪಳ, ಮಜ್ಜಿಗೆ ಎಲ್ಲವನ್ನೂ ಬಾರಿಸಿ ಬಂದಿದ್ದರು ಮಹಾಶಯರು. ಕಾಲು ಒತ್ತಿದರೆ ಗುಳಿ ಬೀಳುತ್ತಿತ್ತು, ಮಾತಿನ ಮಧ್ಯೆ ಉಸಿರು ಕಡಿಯುತ್ತಿತ್ತು. ಅವತ್ತೇ ಡಾಕ್ಟರಿಗೆ ತೋರಿಸಿದ್ದಕ್ಕೆ ಬಚಾವಾದರು. ಅಂದಿನಿಂದ ಅಳೆದಿಟ್ಟ ನೀರು, ಉಪ್ಪು ಮುಟ್ಟಿಯೂ ಮುಟ್ಟದ ಸಾರು, ಬೆಳಿಗ್ಗೆ ನಿಧಾನಕ್ಕೆ ನಡಿಗೆ, ಹೊತ್ತಿಗೆ ಸರಿಯಾಗಿ ಮಾತ್ರೆ. ಮುಖದಲ್ಲಿ ಕಳೆ ಬಂತು. ಮೆಟ್ಟಿಲನ್ನೂ ನಿಂತು ನಿಂತು ಹತ್ತತೊಡಗಿದರು. ಆದರೆ ನಾನು ಮಾತ್ರ ಫೋನ್ ರಿಂಗಾದರೆ ಈಗಲೂ ಬೆಚ್ಚುತ್ತೇನೆ.

ಎಲ್ಲ ಸರಿಹೋಯಿತು ಅನ್ನುವಾಗ ಮಗಳ ಮನೆಯ ತಕರಾರು ಶುರುವಾಯಿತು. ಮಾವನಿಗೆ ಒಬ್ಬಳೇ ಮಗಳು. ಕೊಟ್ಟಿರುವುದು ಪಾವಗಡದ ಆಚೆ, ಕ್ಯಾತಗಾನಚೆರ್ಲಿಗೆ. ಆ ಕಡೆ ಹೊಲಗಳಲ್ಲೆಲ್ಲ ಈಗ ಸೋಲಾರ್ ಪ್ಯಾನಲ್ಲು ತಾನೆ? ಅವಳು ಹೊಸ ಮನೆ ಕಟ್ಟಿಸಿ ಗೃಹಪ್ರವೇಶಕ್ಕೆ ಕರೆದಳು. ಮಾವ ಹೋಗಲಿಲ್ಲ. ಅಷ್ಟೊಂದು ಪ್ಯಾನಲ್ಲು ಸೇರಿ ಎದೆಯ ಬ್ಯಾಟರಿಯನ್ನು ಎಳೆದುಕೊಂಡುಬಿಡುತ್ತವೆ ಅಂದರು. ಹಬ್ಬಕ್ಕೆ ಕರೆದಳು, ಅದೇ ಉತ್ತರ. ಮೊಮ್ಮಗನ ಹುಟ್ಟುಹಬ್ಬಕ್ಕೆ ಕರೆದಳು, ಅದೇ ಉತ್ತರ. ಊರೆಲ್ಲ ನಕ್ಕಿತು, ನಾನೂ ನಕ್ಕೆ. ಅವಳು ಮಾತ್ರ ನಗಲಿಲ್ಲ. ಅಪ್ಪನಿಗೆ ತನ್ನ ಮೇಲೆ ಏನೋ ಸಿಟ್ಟಿದೆ ಎಂದುಕೊಂಡು ಫೋನ್ ಮಾಡುವುದನ್ನೇ ಬಿಟ್ಟಳು. ಮಾವ ಊಟ ಕಡಿಮೆ ಮಾಡಿದರು. ನಡಿಗೆಯನ್ನೂ ನಿಲ್ಲಿಸಿದರು. ಯಾವ ಡಾಕ್ಟರ ಮಾತ್ರೆ ಇದಕ್ಕೆ ನಾಟುತ್ತದೆ ಹೇಳಿ.

ಮುಂದಿನ ತಪಾಸಣೆಗೆ ಹೋದಾಗ ನಾನೇ ಡಾಕ್ಟರನ್ನು ಕೇಳಿದೆ. ಸೋಲಾರ್ ಪ್ಯಾನಲ್ಲಿನಿಂದ ಏನೂ ಆಗುವುದಿಲ್ಲ, ಮಗಳ ಮನೆಗೆ ಧಾರಾಳವಾಗಿ ಹೋಗಿ ಬನ್ನಿ ಅಂದರು. ಗೆದ್ದೆ ಎಂದುಕೊಂಡು ಹೊರಗೆ ಬಂದೆ. ಔಷಧಿ ಅಂಗಡಿಯ ಮುಂದಿನ ಬೆಂಚಿನ ಮೇಲೆ ಮಾವ ಕೂತುಬಿಟ್ಟರು.

"ಈಗೇನು ಮಾವ ನೆಪ?" ಅಂದೆ.

"ಪ್ಯಾನಲ್ಲು ಏನೂ ಮಾಡಾಕಿಲ್ಲ ಅಂತ ನಂಗೂ ಗೊತ್ತು ಕಣಮ್ಮ. ನಾನು ಕರೆಂಟ್ ಕೆಲ್ಸ ಮಾಡ್ದೋನು." ಎದೆಯ ಸ್ಟಾರ್ಟರ್ ಮೇಲೆ ಬೆರಳಿಟ್ಟರು. "ಇದು ಯಾವಾಗ ಕೈ ಕೊಡ್ತದೋ ಯಾರಿಗೆ ಗೊತ್ತು? ಅವಳ ಮನೇಲಿದ್ದಾಗ, ನಕ್ಷತ್ರ ಸರಿಯಿಲ್ದಿರೋ ದಿನ, ನಾನು ಹೋಗ್ಬುಟ್ರೆ? ಹೊಸ ಮನೆ. ಬೀಗ ಜಡ್ದು, ಮಗೀನ ಕಟ್ಕೊಂಡು ಎಲ್ಲಿಗೋಯ್ತಾಳೆ?"

ಕೆಟ್ಟ ನಕ್ಷತ್ರದಲ್ಲಿ ಸಾವಾದರೆ ಆ ಮನೆಗೆ ಬೀಗ ಹಾಕಿ ತಿಂಗಳುಗಟ್ಟಲೆ ಹೊರಗಿರಬೇಕೆಂಬ ಪದ್ಧತಿ ನಮ್ಮ ಕಡೆ ಇನ್ನೂ ಇದೆ. ಮಾವ ಅದನ್ನೇ ಎದೆಯಲ್ಲಿಟ್ಟುಕೊಂಡು, ಊರೆಲ್ಲ ನಗುವ ಒಂದು ಸುಳ್ಳನ್ನು ಹೊದ್ದುಕೊಂಡು ಓಡಾಡಿದ್ದರು. ನನಗೆ ಸಿಟ್ಟೂ ಬಂತು, ಅಳುವೂ ಬಂತು. ಹಾಗಾದರೆ ಮಿಕ್ಸಿಯ ಭಯವೂ ಸುಳ್ಳೇ ಎಂದು ಕೇಳಿದೆ. ಇಲ್ಲ, ಅದು ನಿಜ ಅಂದರು!

ಅಲ್ಲಿಂದಲೇ ಮಾವನ ಮಗಳಿಗೆ ಫೋನ್ ಮಾಡಿ, ಇದ್ದದ್ದನ್ನು ಇದ್ದಹಾಗೆ ಹೇಳಿ, ಫೋನನ್ನು ಮಾವನ ಬಲಗಿವಿಗೆ ಹಿಡಿದೆ. ಅವಳ ದನಿ ನನಗೂ ಕೇಳಿಸಿತು.

"ಬೀಗ ಹಾಕ್ಬೇಕಾದ್ರೆ ಹಾಕ್ತೀನಿ ಬುಡಪ್ಪ. ನೀನು ಬರ್ದಿರೋ ಮನೆ ಮಡಿಕ್ಕಂಡು ನಾನೇನ್ ಮಾಡ್ಲಿ?"

ಆ ಭಾನುವಾರವೇ ಮಾವ, ಅತ್ತೆ, ನಾನು ಹೊರಟೆವು. ದಾರಿಯ ಎರಡೂ ಕಡೆ ಪ್ಯಾನಲ್ಲುಗಳು ಬಿಸಿಲಿಗೆ ಮುಖವೊಡ್ಡಿ ಮಲಗಿದ್ದವು. ಮಾವ ಒಮ್ಮೆಯೂ ಎದೆ ಮುಟ್ಟಿ ನೋಡಿಕೊಳ್ಳಲಿಲ್ಲ. ಬಾಗಿಲಲ್ಲಿ ಮಗಳ ಅತ್ತೆ, "ರಾ ಅನ್ನಾ, ರಾ" ಎಂದು ತೆಲುಗಿನಲ್ಲೇ ಕರೆದು ಕಾಲಿಗೆ ನೀರು ಕೊಟ್ಟರು. ಮೆಟ್ಟಿಲು ಹತ್ತುವ ಕಷ್ಟವಿಲ್ಲದಂತೆ ಕೆಳಗಿನ ಕೋಣೆಯಲ್ಲೇ ಮಂಚ ಹಾಕಿದ್ದರು. ಗೋಡೆಯ ಮೇಲೆ ಕ್ಯಾಲೆಂಡರಿನ ಮೊಳೆ ಖಾಲಿ ಇತ್ತು. ಅಪ್ಪ ದಿನ, ನಕ್ಷತ್ರ ನೋಡುತ್ತ ಕೂರದಿರಲಿ ಎಂದು ಮಗಳೇ ತೆಗೆದಿಟ್ಟಿದ್ದಳು. ಮಾವ ಆ ಮೊಳೆಯನ್ನು ನೋಡಿದರು. ಸಪ್ಪೆ ಸಾರಲ್ಲಿ ಮುದ್ದೆ ಉಂಡು ಮಲಗಿದರು.

ನಮ್ಮತ್ತೆ, ನಾನು, ಮಗಳು ನಡುಮನೆಯಲ್ಲಿ ಕಡಲೆಕಾಯಿ ಸುಲಿಯುತ್ತ ಕೂತೆವು. ಒಳಗಿನಿಂದ ಗೊರಕೆ ಕೇಳುತ್ತಿತ್ತು. ನಾವು ಯಾವುದೋ ಮದುವೆಯ ಸುದ್ದಿ ಮಾತಾಡುತ್ತಿದ್ದೆವು, ಆದರೆ ಮೂವರ ಕಿವಿಯೂ ಕೋಣೆಯ ಕಡೆಗೇ ಇತ್ತು. ಇದ್ದಕ್ಕಿದ್ದಂತೆ ಗೊರಕೆ ನಿಂತಿತು. ಅತ್ತೆಯ ಕೈ ನಿಂತಿತು, ನನ್ನ ಕೈ ನಿಂತಿತು. ಅವಳು ಮೊರವನ್ನು ಮಡಿಲಿನಿಂದ ಇಳಿಸಿ ಅರ್ಧ ಎದ್ದಳು. ಕಾಯಿ ಸುಲಿಯುವ ಸದ್ದೂ ಇಲ್ಲ, ಮಾತೂ ಇಲ್ಲ.

ಒಳಗಿನಿಂದ ನಿದ್ದೆಗಣ್ಣಿನ ದನಿ ಬಂತು.

"ಇದ್ದೀನಿ ಕಣ್ರಮ್ಮ. ಸುಲೀರಿ."