ಬೆಟ್ಟಮ್ಮನವರಿಗೆ ಸೊನ್ನೆ ಹಾಕಿದ ಪ್ರಶ್ನಾವಳಿಗೆ

ಮಾನ್ಯ ಜ್ಞಾಪಕಶಕ್ತಿ ಪರೀಕ್ಷಾ ಪ್ರಶ್ನಾವಳಿಯವರೇ,

ನಾಲ್ಕು ಪುಟಗಳ ತಮ್ಮ ಘನ ಶರೀರಕ್ಕೂ, ಅದನ್ನು ಹಿಡಿದಿಟ್ಟಿರುವ ಸ್ಟೇಪ್ಲರ್ ಪಿನ್ನಿಗೂ ದೇವಲಾಪುರದ ನಿವೃತ್ತ ಮುಖ್ಯೋಪಾಧ್ಯಾಯಿನಿಯ ಸವಿನಯ ನಮಸ್ಕಾರಗಳು. ಮೂವತ್ತನಾಲ್ಕು ವರ್ಷ ಪ್ರಶ್ನೆಪತ್ರಿಕೆಗಳನ್ನು ಸಿದ್ಧಪಡಿಸಿದವಳಾದರೂ, ಉತ್ತರ ಬಲ್ಲವರನ್ನೇ ಆರಿಸಿ ಅನುತ್ತೀರ್ಣಗೊಳಿಸುವ ತಮ್ಮಂಥ ಪ್ರತಿಭೆಯನ್ನು ನಾನು ಕಂಡಿರಲಿಲ್ಲ.

ತಮ್ಮನ್ನು ನಮ್ಮೂರಿಗೆ ಕರೆತಂದವಳು ಪಾಲಹಳ್ಳಿಯ ನನ್ನ ಅಕ್ಕನ ಮೊಮ್ಮಗಳು ಮೇಘನ; ವಿಶ್ವವಿದ್ಯಾಲಯದಲ್ಲಿ ನರವಿಜ್ಞಾನದ ಎಂ.ಎಸ್ಸಿ. ಓದುತ್ತಿದ್ದಾಳೆ. ಪ್ರಬಂಧಕ್ಕೆ ಇಪ್ಪತ್ತು ಮಂದಿ ವೃದ್ಧರ ನೆನಪು ಬೇಕೆಂದಳು. ನಾನೇ ಮುಂದೆ ನಿಂತು ನೆರೆಮನೆಯ ಬೆಟ್ಟಮ್ಮನವರನ್ನು ಕುಳ್ಳಿರಿಸಿದೆ. ತಾವು ಆಕೆಗೊಂದು ಕಥೆ ಹೇಳಿದಿರಿ: ಚಿಕ್ಕಯ್ಯ ಎಂಬವನು ಸಂತೆಗೆ ಹೋದ, ಕೊಡೆ ಮರೆತ, ಮಳೆಯಲ್ಲಿ ನೆನೆದ. ಐದು ನಿಮಿಷ ಕಳೆದು ಕೇಳಿದಿರಿ: ಸಂತೆಗೆ ಹೋದವನು ಯಾರು? ಕೊಡೆ ಮರೆತವನು ಯಾರು? ನೆನೆದವನು ಯಾರು?

ಬೆಟ್ಟಮ್ಮನವರ ಪತಿಯ ಹೆಸರೇ ಚಿಕ್ಕಯ್ಯ. ಐವತ್ತೆರಡು ವರ್ಷಗಳ ದಾಂಪತ್ಯದಲ್ಲಿ ಒಮ್ಮೆಯೂ ಬಾಯಿಂದ ಹೊರಡದ ಹೆಸರನ್ನು ತಾವು ಐದೇ ನಿಮಿಷದಲ್ಲಿ ಮೂರು ಬಾರಿ ಬೇಡಿದಿರಿ. ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು, ಜಗಲಿಯ ಮೇಲೆ ಬೀಡಿ ಸೇದುತ್ತಿದ್ದ, ಕಿವಿ ಕೇಳದ ಯಜಮಾನರತ್ತ ಬೆರಳು ತೋರಿಸಿದರು, ಕಡೆಗೆ, "ಅಯ್ಯೋ ಬುಡವ್ವ, ಅವ್ರೆಸ್ರ ನನ್ ಬಾಯಲ್ಲಿ ಯೇಳಿಸ್ತೀಯಾ? ಅಲ್ಲಿ ಕುಂತವ್ರಲ್ಲ, ಅವ್ರೇ ಕಣವ್ವ! ಕೊಡೆ ಮರೆಯೋದು ಅವ್ರಿಗೇನ್ ಒಸದಾ?" ಎಂದರು. (ಸಾಕ್ಷ್ಯವೆಂಬ ಒಂದೇ ಕಾರಣಕ್ಕೆ ಈ ಮಾತನ್ನು ತಿದ್ದದೆ ಬಿಟ್ಟಿದ್ದೇನೆ.) ಮೂರನೆಯವರು ಬಾಯಿ ತೆರೆಯಬಾರದೆಂಬ ತಮ್ಮ ನಿಯಮಕ್ಕೆ ವಿಧೇಯಳಾಗಿ ನಾನು ನಾಲಿಗೆ ಕಚ್ಚಿಕೊಂಡಿದ್ದೆ. ಮೇಘನ ತಮ್ಮ ಅಂಚಿನಲ್ಲಿ "ಅಸಂಬದ್ಧ ಸನ್ನೆ, ಕಾರಣವಿಲ್ಲದ ನಗು" ಎಂದು ಬರೆದು ಮೂರು ಸೊನ್ನೆ ಹಾಕಿದಳು. ಅವಳ ಸ್ವಂತ ಅಜ್ಜಿಯೂ ಇಂದಿಗೂ ಗಂಡನ ಹೆಸರೆತ್ತುವವಳಲ್ಲ. ನೆನಪನ್ನು ಕುರಿತು ಓದುವ ಹುಡುಗಿಗೆ ಅದು ನೆನಪಾಗಲಿಲ್ಲ. ಆಮೇಲೆ ನಾನು ತಿಳಿಸಿ ಹೇಳಿದರೆ, "ಮಾದರಿ ಉತ್ತರದಲ್ಲಿ ಹೆಸರಿದೆ ಚಿಕ್ಕಜ್ಜಿ, ಬೆರಳಿಲ್ಲ" ಎಂದಳು. ಇಷ್ಟು ನಿಷ್ಠೆ ಅವಳಿಗೆ ನನ್ನಿಂದಲೇ ಬಂದದ್ದು, ಅದಕ್ಕೂ ಅಭಿನಂದನೆಗಳು.

ತಮ್ಮ ತೀರ್ಪನ್ನೋದಿದ ಬೆಟ್ಟಮ್ಮನವರ ಮಗ ಲೋಕೇಶ್, ಪಾಂಡವಪುರದಲ್ಲಿ ಹೆರಿಗೆಯಾಗಿರುವ ರಮ್ಯಳ ಬಾಣಂತನಕ್ಕೆ ತಾಯಿಯನ್ನು ಕಳುಹಿಸಲಾರನಂತೆ. ರಮ್ಯ ಬೆಟ್ಟಮ್ಮನವರ ಮಗಳ ಮಗಳು. "ಮರ್ತು ಮಗೀಗೆ ಕುದಿಯೋ ನೀರು ಉಯ್ದ್ಬುಟ್ರೆ ಏನ್ ಗತಿ ಟೀಚರಮ್ಮ? ಯೂನಿವರ್ಸಿಟಿ ಪೇಪರ್ರು ಸುಳ್ಳೇಳ್ತದಾ?" ಎನ್ನುತ್ತಾನೆ. ಅವನನ್ನೂ ಸೇರಿಸಿ ಊರಿನ ಅರ್ಧದಷ್ಟು ಕೂಸುಗಳನ್ನು ಕಾಲ ಮೇಲೆ ಮಲಗಿಸಿ ಎರೆದವರು ಈ ಬೆಟ್ಟಮ್ಮನವರೇ.

ಆದಕಾರಣ ತಾವು ದಯಮಾಡಿ ಕಪಾಟಿನಿಂದಿಳಿದು, ವಿಭಾಗದ ಮುಖ್ಯಸ್ಥರ ಕೈಹಿಡಿದು ಪಾಂಡವಪುರದ ಆ ಬಚ್ಚಲಿಗೆ ಬಂದು, ನೀರಿನ ಹದವನ್ನು ಮೊಣಕೈಯಿಂದ ತಿಳಿದು, ಹತ್ತು ದಿನದ ಕೂಸಿಗೆ ಎರೆಯತಕ್ಕದ್ದು. ಕೂಸು ನಿದ್ದೆಹೋದರೆ ಮೂರು ಅಂಕ, ಅತ್ತರೆ ಸೊನ್ನೆ. ಬಳಿಕ ಮುಖ್ಯಸ್ಥರು ತಮ್ಮ ಅಜ್ಜಿಯವರನ್ನು ಪರಲೋಕದಿಂದ ಕರೆಸಿ, ಅವರ ಬಾಯಿಂದ ಪತಿಯ ಹೆಸರನ್ನು ಮೂರು ಸಲ ಹೇಳಿಸತಕ್ಕದ್ದು. ಇದು ಕಷ್ಟವೆನಿಸಿದರೆ, ಕಥೆಯವನಿಗೆ ಬೇರೊಂದು ಹೆಸರಿಟ್ಟು ಮರುಪರೀಕ್ಷೆ ನಡೆಸುವುದು ಸುಲಭವಾದೀತು.

ತಮ್ಮ ವಿಶ್ವಾಸಿ, ತಮ್ಮ ಅಂಕಗಳ ವಿಷಯದಲ್ಲಿ ಮಾತ್ರ ಅವಿಶ್ವಾಸಿ,
ಪಾರ್ವತಮ್ಮ

ತಾ.ಕ.: ಮರುಪರೀಕ್ಷೆಯ ದಿನಾಂಕಕ್ಕಾಗಿ ಕೂಸು ಕಾಯಲಾರದಾದ್ದರಿಂದ, ಬೆಟ್ಟಮ್ಮನವರು ಇಂದು ಬೆಳಿಗ್ಗೆ ಬಸ್ಸು ಹತ್ತಿ, ನಾಗಮಂಗಲದಲ್ಲಿ ಬಸ್ಸು ಬದಲಿಸಿ, ಒಬ್ಬರೇ ಪಾಂಡವಪುರ ತಲುಪಿದ್ದಾರೆ. ನಿಲ್ದಾಣದವರೆಗೆ ಅವರ ಚೀಲ ಹೊತ್ತವರು ಯಾರೆಂದು ಲೋಕೇಶ್ ಊರೆಲ್ಲ ವಿಚಾರಿಸುತ್ತಿದ್ದಾನೆ. ನನಗಂತೂ ಜ್ಞಾಪಕವಿಲ್ಲ, ಬೇಕಾದರೆ ನನಗೂ ಒಂದು ಸೊನ್ನೆ ಹಾಕಿಕೊಳ್ಳಿ.